ಕ್ಲಚ್ಚಿನೊಳಗಿನ ಜೀರುಂಡೆ

ಸಕಲೇಶಪುರದ ಕಡೆಯವರಿಗೆ ಜೀರುಂಡೆ ಸದ್ದು ಹೇಗಿರುತ್ತೆ ಅಂತ ಹೇಳಿಕೊಡಬೇಕಾಗಿಲ್ಲ. ಸಂಜೆಯಾದ್ರೆ ಸಾಕು, ಕಾಫಿ ತೋಟದೊಳಗಿಂದ ಒಂದೇ ಸಮನೆ 'ಜೀಂಯ್...' ಅಂತ ಶುರು. ಮೊದಲು ಕಿವಿ ಕೊರೆಯುತ್ತೆ, ಆಮೇಲೆ ಅಭ್ಯಾಸವಾಗುತ್ತೆ, ಕೊನೆಗೆ ಅದು ನಿಂತಾಗ ಮಾತ್ರ ಗೊತ್ತಾಗುತ್ತೆ. 2024ರ ಅಕ್ಟೋಬರಿನಲ್ಲಿ ಅಂಥದ್ದೇ ಒಂದು ಜೀರುಂಡೆ ನನ್ನ ಕಾರಿನೊಳಗೆ ಬಂದು ಕೂತಿತು. ಆದ್ರೆ ಇದು ಸಂಜೆಗೆ ಕಾಯ್ತಿರಲಿಲ್ಲ. ನಾನು ಎಡಗಾಲು ಕ್ಲಚ್ಚಿನ ಮೇಲೆ ಇಟ್ಟಾಗೆಲ್ಲ ಕೂಗೋದು, ತೆಗೆದಾಗ ಸುಮ್ಮನಾಗೋದು.

ಕಾರಿನ ಬಗ್ಗೆ ಎರಡು ಮಾತು ಹೇಳಿಬಿಡ್ತೀನಿ. ನಾನಿರೋದು ಅಮೆರಿಕದ ಪಿಟ್ಸ್‌ಬರ್ಗ್ ಪಕ್ಕದ ಮನ್ರೋವಿಲ್‌ನಲ್ಲಿ. 2022ರಲ್ಲಿ, ಕೋವಿಡ್ ಆದಮೇಲೆ ಹಳೇ ಕಾರುಗಳ ಬೆಲೆಯೆಲ್ಲ ಆಕಾಶಕ್ಕೇರಿದ್ದ ಕಾಲದಲ್ಲಿ, ಊರು ಬಿಟ್ಟು ಹೋಗ್ತಿದ್ದ ಒಬ್ಬ ವಿದ್ಯಾರ್ಥಿಯಿಂದ 4,200 ಡಾಲರಿಗೆ ಕೊಂಡಿದ್ದು. 1,21,000 ಮೈಲಿ ಓಡಿತ್ತು. ಅಷ್ಟು ಅಗ್ಗಕ್ಕೆ ಸಿಕ್ಕಿದ್ದು ಯಾಕೆ ಅಂದ್ರೆ ಅದಕ್ಕೆ ಮೂರು ಪೆಡಲ್. ಇಲ್ಲಿ ಎಲ್ಲರದ್ದೂ ಆಟೋಮ್ಯಾಟಿಕ್, ಗೇರ್ ಹಾಕೋ ಕಾರನ್ನ ಕೇಳೋರೇ ಕಡಿಮೆ. ಕಳ್ಳರಿಗೂ ಓಡಿಸೋಕೆ ಬರಲ್ಲ ಅಂತ ಇಲ್ಲೊಂದು ಹಳೇ ಜೋಕಿದೆ. ಹಾಸನದಲ್ಲಿ ಅಪ್ಪನ ಸ್ನೇಹಿತರ ಮಾರುತಿ ಓಮ್ನಿಯಲ್ಲಿ ಡ್ರೈವಿಂಗ್ ಕಲಿತ ನನಗೆ ಮಾತ್ರ ಅದು ಲಾಟರಿ ಹೊಡೆದ ಹಾಗಿತ್ತು.

ಪಿಟ್ಸ್‌ಬರ್ಗ್ ಅಂದ್ರೆ ಬರೀ ಏರು ಇಳಿತ. ಇಲ್ಲಿನ ಬೀಚ್‌ವ್ಯೂ ಬಡಾವಣೆಯಲ್ಲಿರೋ ಕ್ಯಾಂಟನ್ ಅವೆನ್ಯೂ ಅನ್ನೋ ರಸ್ತೆ 37 ಪರ್ಸೆಂಟ್ ಏರು, ಅಂದ್ರೆ ನೂರು ಅಡಿ ಮುಂದೆ ಹೋದ್ರೆ 37 ಅಡಿ ಮೇಲೆ ಹತ್ತಿರ್ತೀರಿ! ಅಂಥ ಊರಲ್ಲಿ ಸಿಗ್ನಲ್ಲುಗಳಲ್ಲಿ ಹಾಫ್ ಕ್ಲಚ್ ಹಿಡಿದು ನಿಲ್ಲೋದು ನನಗೊಂದು ಹೆಮ್ಮೆಯ ವಿಷಯವಾಗಿತ್ತು. 1976ರಿಂದ ಇರೋ ನಮ್ಮ ಪೆನ್ ಹಿಲ್ಸ್ ವೆಂಕಟೇಶ್ವರ ದೇವಸ್ಥಾನ ಕೂಡ ಗುಡ್ಡದ ಮೇಲೆಯೇ. ಶನಿವಾರ ಅಲ್ಲಿಗೆ ಹತ್ತುವಾಗ ಕಾರು ಒಂದಿಂಚೂ ಹಿಂದಕ್ಕೆ ಜಾರದ ಹಾಗೆ ನಿಲ್ಲಿಸಿ, ಪಕ್ಕದಲ್ಲಿದ್ದವಳ ಮುಖ ನೋಡ್ತಿದ್ದೆ. ಅವಳು ಕಿಟಕಿಯಾಚೆ ನೋಡ್ತಿದ್ದಳು.

ಜೀರುಂಡೆಯನ್ನ ಮೊದಲು ಗುರುತಿಸಿದ್ದು ಅವಳೇ. "ರೀ, ಇದೇನು, ನೀವು ಕಾಲಿಟ್ಟಾಗ ಮಾತ್ರ ಅಳುತ್ತೆ?"

ನಾನು ಎಂಜಿನಿಯರ್. ಎಂಜಿನಿಯರ್ ಅಂದ್ರೆ ಬಿ.ಇ. ಮೊದಲ ವರ್ಷದಲ್ಲಿ 'ಎಲಿಮೆಂಟ್ಸ್ ಆಫ್ ಮೆಕ್ಯಾನಿಕಲ್' ಅನ್ನೋ ಒಂದು ಪೇಪರ್ ಬರೆದು 62 ತಗೊಂಡು, ಮಾರನೇ ದಿನ ಮರೆತವನು. ಹಾಗಾಗಿ ಸಾಫ್ಟ್‌ವೇರ್‌ನವರು ಮಾಡೋದನ್ನೇ ಮಾಡಿದೆ: ರೇಡಿಯೋ ಸೌಂಡ್ ಜಾಸ್ತಿ ಮಾಡಿದೆ. ಓಡ್ತಾ ಇರೋ ಪ್ರೋಗ್ರಾಮನ್ನ ಮುಟ್ಟಬಾರದು ಅನ್ನೋದು ನಮ್ಮ ವೃತ್ತಿಧರ್ಮ ತಾನೇ?

ಹೀಗೇ ಮೂರು ವಾರ ತಳ್ಳಬಹುದಿತ್ತು, ಆದ್ರೆ ಎರಡು ವಿಷಯ ತಲೆ ತಿಂತಿದ್ವು. ನನ್ನವಳಿಗೆ ಆಗ ಆರು ತಿಂಗಳು, ಜನವರಿಗೆ ಡೇಟ್ ಕೊಟ್ಟಿದ್ರು. ಆಸ್ಪತ್ರೆ ಇರೋದು ಸ್ಕ್ವಿರಲ್ ಹಿಲ್ ಸುರಂಗದ ಆಚೆ. ಆ ಸುರಂಗದ ಮುಂದೆ ಪಾರ್ಕ್‌ವೇ ರಸ್ತೆಯಲ್ಲಿ ಟ್ರಾಫಿಕ್ ನಿಲ್ಲೋದು ಪಿಟ್ಸ್‌ಬರ್ಗ್‌ನವರಿಗೆಲ್ಲ ಗೊತ್ತಿರೋ ಕಥೆ. ಒಂದು ದಿನ ಚೆಕಪ್‌ಗೆ ಹೋಗುವಾಗ ಎರಡು ಮೈಲಿ ದಾಟೋದರಲ್ಲಿ ನಾನು 63 ಸಲ ಕ್ಲಚ್ ಒತ್ತಿದೆನಂತೆ. ಅವಳು ಕೂತು ಎಣಿಸಿದ್ದಳು. ಸುರಂಗದೊಳಗೆ ಹೋದಾಗಲಂತೂ ಜೀರುಂಡೆ ಗೋಡೆಗೆ ಬಡಿದು ಎರಡರಷ್ಟಾಗಿ ಕೇಳ್ತಿತ್ತು.

ಇನ್ನೊಂದು ವಿಷಯ ದುಡ್ಡಿನದ್ದು. ಸೆಪ್ಟೆಂಬರಿನಲ್ಲಿ ನಮ್ಮ ಟೀಮಿನ ಹನ್ನೊಂದು ಜನರಲ್ಲಿ ನಾಲ್ವರನ್ನ ಮನೆಗೆ ಕಳಿಸಿದ್ರು. ನನ್ನದು ಎಚ್-1ಬಿ ವೀಸಾ. ಕೆಲಸ ಹೋದ್ರೆ ಹೆಚ್ಚೆಂದರೆ 60 ದಿನ, ಅಷ್ಟರೊಳಗೆ ಇನ್ನೊಂದು ಕೆಲಸ ಹುಡುಕಬೇಕು, ಇಲ್ಲಾ ಗಂಟುಮೂಟೆ ಕಟ್ಟಬೇಕು. ಇನ್ನು ಅರವತ್ತು ದಿನಕ್ಕೆ ಊರಲ್ಲಿರಬಹುದು ಅನ್ನೋನು ಕಾರಿಗೆ ದುಡ್ಡು ಸುರೀತಾನಾ? ನಮ್ಮ ಮನೆಯಲ್ಲಿ ಎಲ್ಲಾ ಹಾಗೇ. ಅಡುಗೆಮನೆ ನಲ್ಲಿ ಸೋರಿದ್ರೆ ಬಟ್ಟೆ ಸುತ್ತೋದು, ಕುರ್ಚಿ ಕಾಲು ಅಲ್ಲಾಡಿದ್ರೆ ಗೋಡೆಗೆ ಒರಗಿಸೋದು. ಹೇಗೂ ವಾಪಸ್ ಹೋಗೋರು ತಾನೇ... ಹೀಗಂತ ಹೇಳಿಕೊಳ್ತಾ ಆಗಲೇ ಐದು ವರ್ಷ ಆಗಿತ್ತು.

ಮೊದಲು ಒಂದು ದೊಡ್ಡ ಅಂಗಡಿಗೆ ಕಾರು ತಗೊಂಡು ಹೋದೆ. ಅಲ್ಲಿನ ಹುಡುಗ ಕಾರನ್ನ ಒಳಗೆ ತಗೊಳ್ಳೋಕೆ ಹೋಗಿ ಎರಡು ಸಲ ಆಫ್ ಮಾಡಿಕೊಂಡ. ಮೂರನೇ ಸಲಕ್ಕೆ ನಾನೇ ಇಳಿಸಿ ಒಳಗೆ ಬಿಟ್ಟೆ. ಸದ್ದು ಕೇಳದೆಯೇ "ಕ್ಲಚ್ ಹೋಗಿದೆ, 1,900 ಡಾಲರ್" ಅಂದ್ರು. ಕೆಲ್ಲಿ ಬ್ಲೂ ಬುಕ್ಕಿನಲ್ಲಿ ನೋಡಿದ್ರೆ ಇಡೀ ಕಾರಿಗೇ 3,400 ತೋರಿಸ್ತಿತ್ತು. ಬಾಯಿ ಒಣಗಿ ಮನೆಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ.

ನಮ್ಮಪ್ಪ ಮೂವತ್ತೊಂದು ವರ್ಷ ಕೆಎಸ್ಆರ್‌ಟಿಸಿ ಬಸ್ ಓಡಿಸಿ ರಿಟೈರ್ ಆದವರು. ಹಾಸನದಿಂದ ಶಿರಾಡಿ ಘಾಟಿ ಇಳಿದು ಮಂಗಳೂರು, ಮತ್ತೆ ಘಾಟಿ ಹತ್ತಿ ವಾಪಸ್. ಇಲ್ಲಿ ಶನಿವಾರ ರಾತ್ರಿ ಒಂಬತ್ತು, ಅಲ್ಲಿ ಭಾನುವಾರ ಬೆಳಗ್ಗೆ ಆರೂವರೆ. ಕಾಫಿ ಕುಡೀತಾ ಕೂತಿದ್ರು.

"ಫೋನ್ ಗಾಡಿ ಹತ್ರ ಹಿಡಿ, ಕೇಳ್ತೀನಿ."

ವಾಟ್ಸಾಪಿನಲ್ಲಿ ಹಿಡಿದೆ. "ಏನೂ ಕೇಳ್ತಿಲ್ಲ ಕಣೋ, ನಿನ್ನ ಮಾತೊಂದೇ ಕೇಳೋದು" ಅಂದ್ರು. ಆಮೇಲೆ ಹೊಳೀತು: ಮನುಷ್ಯರ ಮಾತು ಚೆನ್ನಾಗಿ ಕೇಳಲಿ ಅಂತ ಆ ಸಾಫ್ಟ್‌ವೇರು ಹಿಂದಿನ ಗದ್ದಲವನ್ನೆಲ್ಲ ಸೋಸಿ ಬಿಸಾಕ್ತಿತ್ತು. ನಮ್ಮಂಥೋರು ಬರೆದ ಪ್ರೋಗ್ರಾಮು ನನ್ನ ಜೀರುಂಡೆಯನ್ನೇ ನುಂಗಿಬಿಟ್ಟಿತ್ತು! ಕೊನೆಗೆ ಬೇರೆ ಆ್ಯಪಿನಲ್ಲಿ ರೆಕಾರ್ಡ್ ಮಾಡಿ ಕಳಿಸಿದೆ. ಅಪ್ಪ ಕಿವಿಗೆ ಒತ್ತಿ ಹಿಡಿದು ಎರಡು ಸಲ ಕೇಳಿದ್ರು. ಆಮೇಲೆ ಶುರುವಾಯ್ತು ಪಾಠ.

"ನ್ಯೂಟ್ರಲ್‌ನಲ್ಲಿಟ್ಟು ಹ್ಯಾಂಡ್‌ಬ್ರೇಕ್ ಹಾಕು. ಕಾಲು ತೆಗಿ. ಸದ್ದಿದ್ಯಾ?"

"ಇಲ್ಲ."

"ಒಳ್ಳೇದಾಯ್ತು. ಕಾಲು ಬಿಟ್ಟಾಗ ಕೂಗಿ, ಒತ್ತಿದಾಗ ನಿಂತ್ರೆ ಗೇರ್‌ಬಾಕ್ಸ್ ಒಳಗಿನ ಬೇರಿಂಗ್ ಇರಬೋದು, ಅದು ದೊಡ್ಡ ಕೆಲಸ. ಈಗ ನಿಧಾನಕ್ಕೆ ಒತ್ತು... ನಿಧಾನ... ಸದ್ದು ಶುರುವಾದ ಕಡೆ ನಿಲ್ಸು. ಎಷ್ಟು ಹೋಯ್ತು ಕಾಲು?"

"ಒಂದು ಇಂಚು, ಅಷ್ಟೇ."

"ರಿಲೀಸ್ ಬೇರಿಂಗು. ನಾಳೆ ಏರಲ್ಲಿ ನಾಲ್ಕನೇ ಗೇರ್ ಹಾಕಿ ಎಕ್ಸಲೇಟರ್ ಒತ್ತು. ಎಂಜಿನ್ ಕೂಗಿ ಗಾಡಿ ಓಡ್ಲಿಲ್ಲ ಅಂದ್ರೆ ಪ್ಲೇಟೂ ಹೋಗಿದೆ ಅಂತ. ಎಂಜಿನ್ ಜೊತೆಗೇ ಗಾಡಿನೂ ಎಳೀತು ಅಂದ್ರೆ ಪ್ಲೇಟ್ ಇನ್ನೂ ಇದೆ."

ಮಾರನೇ ದಿನ ನೋಡಿದೆ. ಎಳೀತು.

ಕ್ಲಚ್ ಗೊತ್ತಿಲ್ಲದೋರಿಗೆ ಹೇಳ್ತೀನಿ. ರಾಗಿ ಬೀಸೋ ಕಲ್ಲು ನೆನಪಿಸಿಕೊಳ್ಳಿ. ಎಂಜಿನ್ ಕಡೆ ಒಂದು ಚಕ್ರ, ಗೇರ್‌ಬಾಕ್ಸ್ ಕಡೆ ಒಂದು ಪ್ಲೇಟು. ಎರಡೂ ಒತ್ತಿಕೊಂಡು ಕೂತಿದ್ರೆ ಒಟ್ಟಿಗೆ ತಿರುಗ್ತವೆ. ಗೇರ್ ಬದಲಿಸುವಾಗ ಅವನ್ನ ಒಂದು ಕ್ಷಣ ಬೇರೆ ಮಾಡಬೇಕು. ನಮ್ಮ ಕಾಲಿನಿಂದ ಬರೋ ಸನ್ನೆ ತಿರುಗೋದಿಲ್ಲ, ಅದು ಒತ್ತಬೇಕಾದ ಸ್ಪ್ರಿಂಗು ಮಾತ್ರ ಎಂಜಿನ್ ಜೊತೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗ್ತಾ ಇರುತ್ತೆ. ಇವೆರಡರ ನಡುವೆ ಕೂತು ರಾಜಿ ಮಾಡಿಸೋ ಪಂಚಾಯ್ತಿದಾರನೇ ಈ ರಿಲೀಸ್ ಬೇರಿಂಗು. ಒಳಗಿನ ಗ್ರೀಸ್ ಒಣಗಿದಾಗ ಕೂಗೋಕೆ ಶುರುಮಾಡ್ತಾನೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್‌ಗೆ ತರದೆ ಕ್ಲಚ್ ಒತ್ತಿಕೊಂಡೇ ನಿಂತ್ರೆ ಅವನ ಆಯಸ್ಸು ಇನ್ನೂ ಕಡಿಮೆ. ನನ್ನ ಹಾಫ್ ಕ್ಲಚ್ ಹೆಮ್ಮೆ ಎಲ್ಲಿಗೆ ಬಂತು ನೋಡಿ!

ಅಪ್ಪ ಹೇಳಿದ ಮೇಲೆ ಗುಡ್ಡದ ಮೇಲಿನ ಒಂದು ಸಣ್ಣ ಗ್ಯಾರೇಜಿಗೆ ಹೋದೆ. ಅಲ್ಲಿನ ಅಜ್ಜ ಕಾರು ಹತ್ತಿ, ಅಪ್ಪ ಮಾಡಿಸಿದ ಪರೀಕ್ಷೆಯನ್ನೇ ಮಾಡಿ, ಅದೇ ಮಾತು ಹೇಳಿದ. ಬೇರಿಂಗ್ ಬರೀ 40 ಡಾಲರ್, ಆದ್ರೆ ಅದು ಕೂತಿರೋ ಜಾಗಕ್ಕೆ ಕೈ ಹಾಕಬೇಕಂದ್ರೆ ಗೇರ್‌ಬಾಕ್ಸ್ ಇಳಿಸಬೇಕು. ಆರೂವರೆ ಗಂಟೆ ಕೆಲಸ, ಗಂಟೆಗೆ 140. ಒಂದನ್ನ ಬಿಚ್ಚಿದ ಮೇಲೆ ಪ್ಲೇಟು, ಪ್ರೆಷರ್ ಪ್ಲೇಟು ಎಲ್ಲಾ ಸೇರಿದ ಸೆಟ್ಟನ್ನೇ ಹಾಕೋದು ಜಾಣತನ, ಇಲ್ಲಾಂದ್ರೆ ವರ್ಷ ಬಿಟ್ಟು ಪ್ಲೇಟ್ ಸವೆದಾಗ ಮತ್ತದೇ 910 ಡಾಲರ್ ಕೂಲಿ. ಸೆಟ್ 260, ಫ್ಲೈವೀಲ್ ಮಟ್ಟ ಮಾಡಿಸೋಕೆ 80, ಆಯಿಲ್ 40. ತೆರಿಗೆ ಸೇರಿ 1,380.

"ಮಾಡಿಸದೇ ಇದ್ರೆ?" ಅಂತ ಕೇಳಿದೆ. ಕೂಗ್ತಾನೇ ಸಾವಿರಾರು ಮೈಲಿ ಓಡಬಹುದು, ಮುಂದಿನ ವಾರವೇ ಬೇರಿಂಗ್ ಪುಡಿಯಾಗಿ ಗೇರ್ ಹಾಕೋಕೇ ಆಗದೆ ನಿಲ್ಲಬಹುದು, ಯಾರೂ ಹೇಳೋಕಾಗಲ್ಲ ಅಂದ. ಸುಳ್ಳು ಹೇಳಿ ಹೆದರಿಸಿದ್ರೆ ಸುಲಭವಾಗ್ತಿತ್ತು. ಸತ್ಯ ಹೇಳಿ ನನ್ನನ್ನ ಸಿಕ್ಕಿಹಾಕಿಸಿದ.

ಆ ರಾತ್ರಿ ಎಕ್ಸೆಲ್ ಶೀಟ್ ತೆಗೆದು ಕೂತೆ. ಹಾಗೇ ಬಿಡೋದು: ಸೊನ್ನೆ. ಮಾಡಿಸೋದು: 1,380. ಮಾರಿ ಒಂದು ಆಟೋಮ್ಯಾಟಿಕ್ ತಗೊಳ್ಳೋದು: ಕನಿಷ್ಠ ಒಂಬತ್ತು ಸಾವಿರ, ಅಂದ್ರೆ ಸಾಲ. ಮಾರೋದಾದ್ರೆ ಸದ್ದಿನ ವಿಷಯ ಹೇಳಿ ಮಾರಬೇಕಾ? ಟೆಸ್ಟ್ ಡ್ರೈವಿಗೆ ಬಂದವರ ಮುಂದೆ ರೇಡಿಯೋ ಸ್ವಲ್ಪ ಜೋರಾಗಿ ಹಾಕಿದ್ರೆ ಗೊತ್ತೇ ಆಗಲ್ಲ... ಅಂದುಕೊಂಡವನಿಗೆ ಫಕ್ಕನೆ ನೆನಪಾಯ್ತು. 2022ರಲ್ಲಿ ನಾನು ಟೆಸ್ಟ್ ಡ್ರೈವ್ ಮಾಡಿದ ದಿನ ಆ ಹುಡುಗ ರೇಡಿಯೋ ಬಹಳ ಜೋರಾಗಿ ಹಾಕಿದ್ದ! ಪಾಪ, ಸಂಗೀತಪ್ರೇಮಿ ಅಂದುಕೊಂಡಿದ್ದೆ. ನಗು ಬಂತು, ಆದ್ರೆ ಮಾರೋ ಸಾಲನ್ನ ಶೀಟಿನಿಂದ ಅಳಿಸಿದೆ.

ಉಳಿದಿದ್ದು ಎರಡು. ಅಷ್ಟು ಹೊತ್ತೂ ನಾನು 1,380ನ್ನ ಕಾರಿನ 3,400ರ ಪಕ್ಕ ಇಟ್ಟು ನೋಡ್ತಿದ್ದೆ. 3,400ರ ಕಾರಿಗೆ 1,380 ಹಾಕೋದು ಮೂರ್ಖತನ ಅಂತ ಕಾಣ್ತಿತ್ತು. ಆದ್ರೆ ನಾನೇನು ಕಾರು ಮಾರ್ತಿಲ್ವಲ್ಲ? ಇದು ಇಲ್ಲದೇ ಹೋದ್ರೆ ಇಂಥದ್ದೇ ಇನ್ನೊಂದಕ್ಕೆ ಎಷ್ಟಾಗುತ್ತೆ ಅನ್ನೋದರ ಪಕ್ಕ ಇಡಬೇಕು. ಎರಡು ವರ್ಷ ಓಡಿದ್ರೂ ತಿಂಗಳಿಗೆ 58 ಡಾಲರ್ ಕೂಡ ಬೀಳಲ್ಲ. ಲೆಕ್ಕ ಸರಿಯಾಗೇ ಇತ್ತು. ಆದ್ರೂ ಆ 60 ದಿನದ ಭಯ ಯಾವ ಕಾಲಮ್ಮಿನಲ್ಲೂ ಕೂರ್ತಿರಲಿಲ್ಲ. ಮಾಡಿಸಿದ ಮಾರನೇ ದಿನ ಕೆಲಸ ಹೋದ್ರೆ?

ಮತ್ತೆ ಅಪ್ಪನಿಗೆ ಫೋನ್ ಮಾಡಿದೆ. ವೀಸಾ ವಿಷಯ ಅವರಿಗೆ ಅಷ್ಟಾಗಿ ಹೇಳಿರಲಿಲ್ಲ, ಅವತ್ತು ಹೇಳಿಬಿಟ್ಟೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಕೆಲ್ಸ ಹೋದ್ರೆ ಊರಿಗೆ ಬರ್ತೀಯ, ಮನೆ ಇದೆ. ಅದು ಬಿಡು. ಗಾಡಿ ವಿಷ್ಯದಲ್ಲಿ ಒಂದೇ ಮಾತು. ರಿಪೇರಿನ ನಿನ್ನ ಟೈಮಿಗೆ ಮಾಡಿಸ್ಬೇಕು, ಗಾಡಿ ಟೈಮಿಗಲ್ಲ. ನಾನು ಸದ್ದು ಬಂದ ಗಾಡಿನ ಡಿಪೋದಲ್ಲಿ ಬರೆಸ್ದೇ ಘಾಟಿ ಇಳಿಸಿದ್ದು ಒಂದೇ ಸಲ. ನಲವತ್ತು ಜನ ಮಳೇಲಿ ರಾತ್ರಿಯೆಲ್ಲ ಗುಂಡ್ಯದಲ್ಲಿ ಕೂತಿದ್ರು. ಅದರಲ್ಲೊಂದು ಬಸುರಿ ಹೆಂಗಸೂ ಇತ್ತು" ಅಂದ್ರು.

ಈ ಕಥೆಯನ್ನ ಅಪ್ಪ ಅದುವರೆಗೆ ನಮಗ್ಯಾರಿಗೂ ಹೇಳಿರಲಿಲ್ಲ. ಸೋಮವಾರ ಕಾರು ಗ್ಯಾರೇಜಿಗೆ ಬಿಟ್ಟೆ. ಅದೇ ವಾರ, ಯಾಕೋ ಗೊತ್ತಿಲ್ಲ, ಅಡುಗೆಮನೆ ನಲ್ಲಿಯ ವಾಷರನ್ನೂ ಬದಲಾಯಿಸಿದೆ.

ಡಿಸೆಂಬರಿನಲ್ಲಿ ಅಮ್ಮ ಬಾಣಂತನಕ್ಕೆ ಅಂತ ಬಂದ್ರು, ಜೊತೆಗೆ ಅಪ್ಪನೂ. ಜನವರಿಯಲ್ಲಿ ಒಂದು ರಾತ್ರಿ ಮೂರು ಗಂಟೆಗೆ ನೋವು ಶುರುವಾಯ್ತು. ನಾನು ಮೂರು ತಿಂಗಳಿಂದ ಹೆದರಿಕೊಂಡಿದ್ದ ಪಾರ್ಕ್‌ವೇ ಖಾಲಿ ಹೊಡೀತಿತ್ತು! ಸುರಂಗದ ಮುಂದೆ ಒಂದು ಕಾರೂ ಇಲ್ಲ. ಇಡೀ ದಾರಿಗೆ ಹೆಚ್ಚೆಂದರೆ ಹದಿನೈದು ಸಲ ಕ್ಲಚ್ ಒತ್ತಿರಬೇಕು. ಬೆಳಗಾಗುವಷ್ಟರಲ್ಲಿ ಮಗಳು ಬಂದಳು. ನನ್ನ ಕೆಲಸವೂ ಉಳೀತು, ಸದ್ಯಕ್ಕೆ.

ಒಂದು ವಾರದ ಮೇಲೆ, ಗ್ಯಾರೇಜಿನ ಅಜ್ಜ ಪೇಪರಿನಲ್ಲಿ ಸುತ್ತಿ ಕೊಟ್ಟಿದ್ದ ಹಳೇ ಬೇರಿಂಗನ್ನ ಅಪ್ಪನಿಗೆ ತೋರಿಸಿದೆ. ಬೆರಳಲ್ಲಿ ತಿರುಗಿಸಿ, ಕಿವಿ ಹತ್ರ ಹಿಡಿದು, "ಇನ್ನೊಂದು ವರ್ಷ ಬರ್ತಿತ್ತೇನೋ ಕಣೋ" ಅಂದ್ರು.

"ಹಂಗಾದ್ರೆ ದುಡ್ಡು ದಂಡ ಆಯ್ತಾ ಅಪ್ಪಾ?"

"ಅವತ್ತು ರಾತ್ರಿ ಆಸ್ಪತ್ರೆಗೆ ಹೋಗ್ವಾಗ ನಿನ್ನ ಕಿವಿ ಎಲ್ಲಿತ್ತು?"

"ಅವಳ ಕಡೆ."

"ಮತ್ತಿನ್ನೇನು?" ಅಂದವರೇ ಬೇರಿಂಗನ್ನ ಕಿಟಕಿ ಕಟ್ಟೆ ಮೇಲಿಟ್ಟು, ಮೊಮ್ಮಗಳು ಎದ್ದಳಾ ಅಂತ ನೋಡೋಕೆ ಒಳಗೆ ಹೋದ್ರು.