ತೆರೆಯಲೊಲ್ಲದ ಡಿಕ್ಕಿ

ಮುಂಬಾಗಿಲು ಎಷ್ಟೇ ಭದ್ರವಾಗಿರಲಿ, ಮನೆಗೆ ಹಿತ್ತಲ ಬಾಗಿಲೊಂದನ್ನು ಇಡುವುದು ನಮ್ಮ ಹಿರಿಯರ ಪದ್ಧತಿ. ಹಳೆಯ ಮೋಟಾರುಗಾಡಿಗಳಿಗೆ ಹೊಸ ಸೌಕರ್ಯಗಳನ್ನು ಕೂಡಿಸುವಾಗ ಈ ಪದ್ಧತಿಯು ಮರೆತುಹೋಗುವುದುಂಟು. ಗಾಡಿಯ ಡಿಕ್ಕಿಯನ್ನು ವಿದ್ಯುಚ್ಛಕ್ತಿಯಿಂದ ತೆರೆಯುವ ಕೀಲಿನ ವಿಷಯವಾಗಿ ನಮ್ಮ ಅನುಭವಕ್ಕೆ ಬಂದುದನ್ನು ವಾಚಕರ ಮುಂದಿಟ್ಟರೆ, ಹಳೆಯ ಗಾಡಿಯನ್ನು ಇಟ್ಟುಕೊಂಡ ಗೃಹಸ್ಥರಿಗೆ ಉಪಯೋಗವಾದೀತೆಂದು ನಂಬಿದ್ದೇವೆ.

ನಮ್ಮಲ್ಲಿರುವುದು 1984ರ ಅಂಬಾಸಡರ ಗಾಡಿ. ಇಂಗ್ಲಂಡದ ಮಾರಿಸ್ ಆಕ್ಸ್‌ಫರ್ಡ್ ಗಾಡಿಯ ಮಾದರಿಯಲ್ಲಿ ಪಶ್ಚಿಮ ಬಂಗಾಲದ ಉತ್ತರಪಾರಾದಲ್ಲಿ ನಿರ್ಮಾಣವಾಗುತ್ತಿದ್ದ ಈ ಗಾಡಿಗಳ ತಯಾರಿಕೆಯು 2014ರಲ್ಲಿ ನಿಂತುಹೋಯಿತು. ಆದಕಾರಣ ಇದ್ದುದನ್ನು ಜೋಪಾನ ಮಾಡುವುದೊಂದೇ ಉಳಿದ ಮಾರ್ಗ. ಡಿಕ್ಕಿಗೆ ಮೊದಲು ಕೈಯಿಂದ ತಿರುವುವ ಹಿಡಿಕೆಯಿತ್ತು. ನಮ್ಮ ತೀರ್ಥರೂಪರ ಬೆರಳುಗಳು ಸಂಧಿವಾತದಿಂದ ಮಡಚದಂತಾದಾಗ ಗ್ಯಾರೇಜಿನವರೊಬ್ಬರು ಆ ಹಿಡಿಕೆಯನ್ನು ತೆಗೆದುಹಾಕಿ, ಚಾಲಕನ ಕೈಗೆಟಕುವಲ್ಲಿ ಒಂದು ಗುಂಡಿಯನ್ನೂ ಡಿಕ್ಕಿಯೊಳಗೆ ವಿದ್ಯುತ್ತಿನ ಕೀಲನ್ನೂ ಕೂಡಿಸಿಕೊಟ್ಟಿದ್ದರು. ತೀರ್ಥರೂಪರು ತೀರಿಕೊಂಡ ಮೇಲೂ ಅದು ಬಹುಕಾಲ ಚೆನ್ನಾಗಿಯೇ ನಡೆಯಿತು.

ಒಂದು ಮಳೆಗಾಲದ ಸಂಜೆ ಮಾತೋಶ್ರೀಯವರನ್ನು ವಿಜಯಪುರದ ದವಾಖಾನೆಯಿಂದ ಕರೆದುಕೊಂಡು ತಾಳಿಕೋಟೆಯ ನಮ್ಮ ಓಣಿಗೆ ಬಂದೆವು. ಟೊಂಕದ ಎಲುಬು ಮುರಿದಂದಿನಿಂದ ಗಾಲಿಕುರ್ಚಿಯೇ ಅವರಿಗೆ ಕಾಲು. ಆ ಕುರ್ಚಿಯು ಡಿಕ್ಕಿಯಲ್ಲಿತ್ತು. ಗುಂಡಿಯನ್ನೊತ್ತಿದರೆ ಕ್ಷೀಣವಾಗಿ ‘ಟಕ್’ ಎಂದಿತೇ ಹೊರತು ಮುಚ್ಚಳವು ಅಲುಗಲೊಲ್ಲದು. ನೆರೆಯವರು ಕೂಡಿದರು. ಒಬ್ಬರು ಹಾರೆಯನ್ನು ತಂದರು; ಇನ್ನೊಬ್ಬರು ಅಮ್ಮನವರನ್ನು ಎತ್ತಿ ಒಳಗೆ ಒಯ್ಯೋಣವೆಂದರು. ಮಾತೋಶ್ರೀಯವರು ಎರಡಕ್ಕೂ ಒಪ್ಪಲಿಲ್ಲ. “ಅವರ ಗಾಡಿಗೆ ಹಾರಿ ಹಾಕಬ್ಯಾಡ್ರಿ, ನನ್ನೂ ಮೂಟಿ ಹಾಂಗ ಎತ್ತಬ್ಯಾಡ್ರಿ. ನಾ ಕೂತಿರ್ತೀನಿ, ಏನಾಗೇದ ನೋಡ್ರಿ” ಎಂದರು. ಓಣಿಯ ಜನರ ಕಣ್ಣೆದುರು ಅವರ ಮಾನವನ್ನು ಕಾಯುವುದು ಆ ಹೊತ್ತಿಗೆ ನಮ್ಮ ಕೆಲಸವಾಯಿತು.

ಈ ಕೀಲಿನ ಮರ್ಮವು ಸರಳವಾದುದು. ತಾಮ್ರದ ತಂತಿಯ ಸುರುಳಿಯಲ್ಲಿ ವಿದ್ಯುತ್ತು ಹರಿದಾಗ ಅದು ಅಯಸ್ಕಾಂತವಾಗಿ ಕಬ್ಬಿಣದ ಸರಳೊಂದನ್ನು ಸೆಳೆಯುತ್ತದೆ. ಆ ಸರಳು ಕೊಂಡಿಯನ್ನು ಬಿಡಿಸುತ್ತದೆ. ಬ್ಯಾಟರಿಯಿಂದ ಫ್ಯೂಜು, ಗುಂಡಿ, ತಂತಿಗಳ ಮೂಲಕ ಹೋದ ವಿದ್ಯುತ್ತು ಮರಳಿ ಬರಲು ಉದ್ದನೆಯ ಬೇರೆ ತಂತಿಯಿರುವುದಿಲ್ಲ. ಸುರುಳಿಯ ಇನ್ನೊಂದು ತುದಿಯನ್ನು ಸಮೀಪದ ಬೋಲ್ಟೊಂದಕ್ಕೆ ಬಿಗಿದಿರುತ್ತಾರೆ. ಅಲ್ಲಿಂದ ಮುಂದೆ ಗಾಡಿಯ ಉಕ್ಕಿನ ಮೈಯೇ ಮರಳುವ ದಾರಿ.

ದೋಷವು ಎಲ್ಲಿದೆಯೆಂಬುದನ್ನು ಮೊದಲು ಕಿವಿಯಿಂದಲೇ ಅರಿಯಬಹುದು. ಏನೂ ಸಪ್ಪಳವಿಲ್ಲದಿದ್ದರೆ ಫ್ಯೂಜು, ಗುಂಡಿ ಹಾಗೂ ತಂತಿಗಳನ್ನು ನೋಡತಕ್ಕದ್ದು. ತಂತಿಯು ಮುಚ್ಚಳದ ತಿರುಗಣಿಯ ಬಳಿ ಮಡಚಿ ಮಡಚಿ ಒಳಗೊಳಗೇ ಕಡಿದುಹೋಗುವುದುಂಟು. ಸಪ್ಪಳವು ಜೋರಾಗಿದ್ದೂ ತೆರೆಯದಿದ್ದರೆ ಕೊಂಡಿಯೇ ಬಿಗಿದಿದೆಯೆಂದು ತಿಳಿಯಬೇಕು. ಆಗ ಒಬ್ಬರು ಮುಚ್ಚಳವನ್ನು ಅಂಗೈಯಿಂದ ಕೆಳಗೆ ಒತ್ತಿ ಹಿಡಿದಿರಲು ಇನ್ನೊಬ್ಬರು ಗುಂಡಿಯನ್ನೊತ್ತಿದರೆ ಹಲವು ವೇಳೆ ಬಿಡುತ್ತದೆ. ಸಪ್ಪಳವು ಕ್ಷೀಣವಾಗಿದ್ದರೆ ವಿದ್ಯುತ್ತು ಸಾಲದಾಗಿದೆಯೆಂದೇ ಅರ್ಥ. ಯಾವ ಪ್ರಸಂಗದಲ್ಲಿಯೂ ಗುಂಡಿಯನ್ನು ಒತ್ತಿ ಹಿಡಿಯಲಾಗದು; ಕ್ಷಣಮಾತ್ರದ ಕೆಲಸಕ್ಕಾಗಿ ಮಾಡಿದ ಸುರುಳಿಯು ಕಾದು ಸುಟ್ಟುಹೋದೀತು.

ನಮ್ಮದು ಮೂರನೆಯ ಬಗೆಯದು. ಗಾಡಿಯ ದೀಪಗಳನ್ನು ಹಚ್ಚಿ, ಒಬ್ಬರು ಮುಂದೆ, ಒಬ್ಬರು ಹಿಂದೆ ನಿಂತು ನೋಡಿದೆವು. ಗುಂಡಿಯನ್ನೊತ್ತಿದಾಗ ಮುಂದಿನ ದೀಪಗಳು ಕದಲಲಿಲ್ಲ. ಹಿಂದಿನ ಕೆಂಪು ದೀಪಗಳು ಮಾತ್ರ ಮಂಕಾದವು. ಬ್ಯಾಟರಿಯು ಸೋತಿದ್ದರೆ ಎಲ್ಲ ದೀಪಗಳೂ ಮಂಕಾಗಬೇಕಿತ್ತು. ಹಿಂದಿನ ದೀಪಗಳಿಗೂ ಡಿಕ್ಕಿಯ ಕೀಲಿಗೂ ಮರಳುವ ದಾರಿಯು ಒಂದೇ ಬೋಲ್ಟು. ಅದು ಹಿಂದಿನ ಬಂಪರಿನ ಕೆಳಗೆ, ಹೊರಮಗ್ಗುಲಿಗೆ ಇತ್ತು. ಬಗ್ಗಿ ನೋಡಿದರೆ ಕೆಸರು ಮೆತ್ತಿ ತುಕ್ಕು ಹಿಡಿದಿತ್ತು.

ಜತ್ತದ ಸೀಮೆಯಲ್ಲಿ ಹುಟ್ಟಿ ಕೃಷ್ಣೆಯನ್ನು ಸೇರುವ ನಮ್ಮ ಡೋಣಿಯ ನೀರಿನ ಉಪ್ಪು ಈ ಭಾಗದವರಿಗೆ ಹೊಸದಲ್ಲ. ಎರೆಯ ಕೆಸರು ಬೇಗನೆ ಒಣಗದು. ಅದರೊಡನೆ ಉಪ್ಪು ಕೂಡಿದರೆ ಉಕ್ಕು ಬಹುಬೇಗ ತುಕ್ಕಾಗುತ್ತದೆ. ತುಕ್ಕು ವಿದ್ಯುತ್ತಿಗೆ ದೊಡ್ಡ ತಡೆ. ಜರ್ಮನಿಯ ಓಮ್ ಎಂಬ ವಿದ್ವಾಂಸನು 1827ರಲ್ಲಿ ಪ್ರಕಟಿಸಿದ ನಿಯಮದಂತೆ ಲೆಕ್ಕ ಹಾಕಿದರೆ, 1.2 ಓಮ್ ತಡೆಯುಳ್ಳ ಸುರುಳಿಯಲ್ಲಿ 12 ವೋಲ್ಟಿನಿಂದ 10 ಆಂಪಿಯರ್ ಹರಿಯುತ್ತದೆ, ತುಕ್ಕಿನಿಂದ 0.8 ಓಮ್ ಹೆಚ್ಚಿದರೆ 6 ಆಂಪಿಯರ್ ಮಾತ್ರ. ಸೆಳೆಯುವ ಬಲವು ಸಾಮಾನ್ಯವಾಗಿ ಪ್ರವಾಹದ ವರ್ಗಕ್ಕೆ ಅನುಸಾರವಾಗಿರುವುದರಿಂದ, ಅದು ಮೂರನೆಯ ಒಂದು ಪಾಲಿನ ಸಮೀಪಕ್ಕೆ ಇಳಿಯುತ್ತದೆ. ಸಪ್ಪಳವಿದ್ದೂ ಕೆಲಸವಾಗದ ಕಾರಣವು ಇದೇ.

ಬ್ಯಾಟರಿಯ ಮೈಗೆ ಕೂಡುವ ಧ್ರುವದಿಂದ ದಪ್ಪನೆಯ ತಂತಿಯೊಂದನ್ನು ಎಳೆದು ಆ ಬೋಲ್ಟಿನ ಕೆಳಗಿದ್ದ ತಂತಿಯ ತುದಿಗೆ ತಾಗಿಸಿದೆವು. ಗುಂಡಿಯನ್ನೊತ್ತುತ್ತಲೇ ಮುಚ್ಚಳವು ಮೇಲೆದ್ದಿತು. ಮಾತೋಶ್ರೀಯವರು ಕುರ್ಚಿಯಲ್ಲಿ ಕುಳಿತು, ತಮ್ಮ ಕೈಯಿಂದಲೇ ಗಾಲಿಗಳನ್ನು ನೂಕಿಕೊಂಡು ಒಳಗೆ ಹೋದರು.

ಮರುದಿನ ಬೋಲ್ಟನ್ನು ಬಿಚ್ಚಿ, ಉಕ್ಕು ಹೊಳೆಯುವವರೆಗೆ ಮರಳುಕಾಗದದಿಂದ ತಿಕ್ಕಿ, ಬಿಗಿದು, ಮೇಲೆ ವ್ಯಾಸಲೀನನ್ನು ಸವರಿದೆವು. ಅಷ್ಟರಿಂದಲೇ ತೃಪ್ತರಾಗದೆ, ಕೊಂಡಿಗೆ ಉಕ್ಕಿನ ತಂತಿಯೊಂದನ್ನು ಕಟ್ಟಿಸಿ, ಕೈಯಿಂದ ಎಳೆದೂ ತೆರೆಯಬರುವಂತೆ ಅದರ ತುದಿಯನ್ನು ಹಿಂದಿನ ಆಸನದ ಮರೆಗೆ ತಂದಿರಿಸಿದೆವು. ಅಮೇರಿಕೆಯಲ್ಲಿ 1998ರ ಬೇಸಿಗೆಯಲ್ಲಿ ಮಕ್ಕಳು ಡಿಕ್ಕಿಗಳಲ್ಲಿ ಸಿಕ್ಕಿ ಸತ್ತ ಮೇಲೆ, 2001ರ ಸೆಪ್ಟೆಂಬರದಿಂದ ತಯಾರಾಗುವ ಹೊಸ ಗಾಡಿಗಳ ಡಿಕ್ಕಿಗಳಲ್ಲಿ ಒಳಗಿನಿಂದ ತೆರೆಯುವ ಸಾಧನವನ್ನು ಕಾನೂನು ಕಡ್ಡಾಯಗೊಳಿಸಿತು. ಎರಡನೆಯ ದಾರಿಯ ಬೆಲೆಯನ್ನು ಅವರೂ ಕಷ್ಟದಿಂದಲೇ ಕಲಿತರು.

ವಿದ್ಯುತ್ತಿನ ಕೀಲನ್ನು ನಾವು ಹಳಿಯುವುದಿಲ್ಲ. ನೋಯುವ ಬೆರಳುಗಳಿಗೆ ಅದು ದೊಡ್ಡ ಉಪಕಾರ. ಆದರೆ ದುರ್ಬಲರ ಅನುಕೂಲಕ್ಕಾಗಿ ಕೂಡಿಸಿದ ಸಾಧನವು ದುರ್ಬಲರನ್ನೇ ಬೀದಿಯಲ್ಲಿ ಕೂರಿಸಬಾರದು. ಆದ್ದರಿಂದ ಇಂಥ ಗಾಡಿಯುಳ್ಳವರು ಮಳೆಗಾಲಕ್ಕೆ ಮುಂಚೆ ಹಿಂಬದಿಯ ಬೋಲ್ಟನ್ನು ಒಮ್ಮೆ ಬಿಚ್ಚಿ ನೋಡುವುದೂ, ಕೈಯಿಂದ ತೆರೆಯುವ ದಾರಿಯೊಂದನ್ನು ಉಳಿಸಿಕೊಳ್ಳುವುದೂ ಯುಕ್ತವು. ಇವೆರಡಕ್ಕೂ ಅರ್ಧ ದಿನದ ಶ್ರಮವು ಸಾಕು.