ಡೋಣಿಯ ಆಚೆ ದಡ

ಯಾದಗಿರಿ ದಾಟುತ್ತಿದ್ದಂತೆ ಭೀಮೆ. ಮಳೆಗಾಲದ ಕೊನೆಯಲ್ಲಿ ಕೆಂಪಗೆ, ದಡ ಮುಟ್ಟಿ ಹರಿಯುತ್ತಾಳೆ. ಆಮೇಲೆ ಕಣ್ಣು ಹೋದಷ್ಟು ದೂರ ಎರೆಹೊಲ, ಹತ್ತಿ, ತೊಗರಿ. ಶಹಾಪುರ ಬರುವಷ್ಟರಲ್ಲಿ ಬಂಡೆಗಳೆಲ್ಲ ಸೇರಿ ಬುದ್ಧನಾಗಿ ಮಲಗಿರುತ್ತವೆ: ಹಣೆ, ಮೂಗು, ಗಲ್ಲ. ಯಾವ ಉಳಿಯೂ ತಾಕದ ಕಲ್ಲಿಗೆ ಇಂಥ ಶಾಂತಿ ಹೇಗೆ ಬಂತೆಂದು ನೋಡುತ್ತಲೇ ನಿಂತೆ.

ಆದರೆ ನಾನು ಹೊರಟಿದ್ದು ಒಂದು ಗಡಿಯನ್ನು ಹುಡುಕಿಕೊಂಡು. 1948ರಲ್ಲಿ ಯಾದಗಿರಿ, ಶಹಾಪುರ, ಸುರಪುರಗಳು ಹೈದರಾಬಾದ್ ನಿಜಾಮನ ಗುಲಬರ್ಗಾ ಜಿಲ್ಲೆಗೆ ಸೇರಿದ್ದವು. ಪಡುವಣಕ್ಕೆ ತಾಳಿಕೋಟೆ, ಸಿಂದಗಿ ಮುಂಬೈ ಪ್ರಾಂತ್ಯದ ಬಿಜಾಪುರ ಜಿಲ್ಲೆಯವು. ನಿಜಾಮನ ಪರ ಆಯುಧ ಹಿಡಿದ ಖಾಸಿಂ ರಜ್ವಿಯ ರಜಾಕಾರರು ಊರೂರಿಗೆ ನುಗ್ಗಿದಾಗ ಜನ ಹೊಲ, ಮನೆ ಬಿಟ್ಟು ಆ ಕಡೆಗೆ ನಡೆದರು. ರೈಲು ಸಿಕ್ಕವರು ವಾಡಿ, ಗುಲಬರ್ಗಾ ದಾಟಿ ಸೊಲ್ಲಾಪುರದ ಕಡೆ ಹೋದರು. ಉಳಿದವರಿಗೆ ಎತ್ತಿನ ಬಂಡಿ, ಇಲ್ಲವೇ ಕಾಲು. ಮಳೆ ಬಿದ್ದ ಎರೆಯಲ್ಲಿ ಬಂಡಿ ಹೊಡೆದವರಿಗೆ ಆ ದಾರಿ ಎಂಥದ್ದೆಂದು ಬಿಡಿಸಿ ಹೇಳಬೇಕಿಲ್ಲ.

ಗಂಟಿನಲ್ಲಿದ್ದ ದುಡ್ಡೂ ಆಚೆ ಸೀಮೆಯಲ್ಲಿ ಸವೆಯುತ್ತಿತ್ತು. ನಿಜಾಮನ 7 ಹಾಲಿ ರೂಪಾಯಿಗೆ ಸಿಗುತ್ತಿದ್ದದ್ದು ಸುಮಾರು 6 ಕಲ್ದಾರ್, ಅಂದರೆ ಭಾರತದ ರೂಪಾಯಿ.

ಸುರಪುರದಲ್ಲಿ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಬಂಗಲೆ ನೋಡಿ ಹುಣಸಗಿಯ ಬಸ್ಸು ಹತ್ತಿದೆ. ಹುಣಸಗಿ ಪಕ್ಕದ ಇಸಾಂಪುರದಲ್ಲಿ ಸುಮಾರು 12 ಲಕ್ಷ ವರ್ಷಗಳ ಹಿಂದೆ ಮನುಷ್ಯ ಕೂತು ಕಲ್ಲಿನ ಕೊಡಲಿ ಮಾಡಿದ್ದಾನೆ. ಅಷ್ಟು ಹಳೆಯ ನೆಲಕ್ಕೆ ನಾವೊಂದು ಗೆರೆ ಎಳೆದು, ಈ ಕಡೆ ಸಾವು, ಆ ಕಡೆ ಬದುಕು ಎಂದು ಹಂಚಿದ್ದೆವಲ್ಲ!

ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಅಜ್ಜ ಪಕ್ಕಕ್ಕೆ ಜಾಗ ಕೊಟ್ಟರು. ರಜಾಕಾರರ ಗದ್ದಲದ ಮಾತೆತ್ತಿದೆ. "ನಮ್ಮವ್ವ ಹೇಳ್ತಿದ್ಳ್ರಿ. ಬಂಡ್ಯಾಗ ಜ್ವಾಳದ ಚೀಲ, ಅದರ ಮ್ಯಾಲ ಹುಡುಗ್ರು. ಬೀಗರು ಸುಗ್ಗಿ ಮಟ ಉಣ್ಲಾಕ ಹಾಕಿದ್ರಂತ. ಒಂದ್ ಮಾತೂ ಅನ್ಲಿಲ್ಲಂತ್ರಿ."

ಗಡಿ ಹೊಲಗಳನ್ನು ಬೇರೆ ಮಾಡಿತ್ತು, ಹೆಣ್ಣು ಕೊಟ್ಟು ತಂದ ಮನೆಗಳನ್ನಲ್ಲ. ರಜಾಕಾರರ ವಿರುದ್ಧ ಹೋರಾಡಲು ಮುಂಡರಗಿಯಲ್ಲಿ ಕಟ್ಟಿದ ಅಳವಂಡಿ ಶಿವಮೂರ್ತಿಸ್ವಾಮಿಗಳ ಶಿಬಿರ, ಗಜೇಂದ್ರಗಡದಲ್ಲಿ ಪುಂಡಲೀಕಪ್ಪ ಜ್ಞಾನಮೋಠೆಯವರ ಶಿಬಿರ ಚರಿತ್ರೆಯಲ್ಲಿವೆ, ಇರಲೇಬೇಕು. ಯಾದಗಿರಿಯ ಹೋರಾಟಗಾರ ಕೋಲೂರು ಮಲ್ಲಪ್ಪನವರ ಹೆಸರನ್ನೂ ಜನ ಮರೆತಿಲ್ಲ. ಬಂದೂಕು ಹಿಡಿದವರ ಬಗ್ಗೆ ಪುಸ್ತಕಗಳಿವೆ. ತಿಂಗಳುಗಟ್ಟಲೆ ಬೇರೆಯವರ ಮಕ್ಕಳಿಗೂ ರೊಟ್ಟಿ ಬಡಿದ ಹೆಂಗಸರ ಬಗ್ಗೆ ಎಷ್ಟಿವೆ?

ಸೆಪ್ಟೆಂಬರ್ 13ಕ್ಕೆ ಭಾರತದ ಸೇನೆ ಬಂತು, 17ಕ್ಕೆ ನಿಜಾಮ ಶರಣಾದ. ಊರು ಬಿಟ್ಟವರು ಬಂಡಿ ತಿರುಗಿಸಿದರು. ಆಮೇಲೆ ಓಡುವ ಸರದಿ ಬೇರೆಯವರದಾಯಿತು. ಅದನ್ನು ಹೇಳದೆ ಈ ಪ್ರವಾಸ ಬರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ. ರಜಾಕಾರರೊಡನೆ ಯಾವ ಸಂಬಂಧವೂ ಇಲ್ಲದ ಮುಸ್ಲಿಂ ಕುಟುಂಬಗಳ ಮೇಲೆ ಸೇಡು ಬಿತ್ತು. ಆ ವರ್ಷದ ಕೊನೆಗೆ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಮುಂತಾದವರ ತಂಡ ಸಂಸ್ಥಾನ ಸುತ್ತಿ ವರದಿ ಕೊಟ್ಟಿತು. ಸತ್ತವರು 27,000ದಿಂದ 40,000 ಎಂದು ಅದರ ಅಂದಾಜು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಗುಲಬರ್ಗಾವೂ ಒಂದು. ಅದೇ ವರದಿಯಲ್ಲಿ ಇನ್ನೊಂದು ಮಾತಿದೆ: ಕೆಲವೆಡೆ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಬೆನ್ನಿಗೆ ನಿಂತು, ತಮ್ಮವರನ್ನೇ ಎದುರಿಸಿ, ಭಾರೀ ಬೆಲೆ ತೆತ್ತು ಕಾಪಾಡಿದರು. ಅದನ್ನು ಓದಿದ ದಿನ ಶಹಾಪುರದ ಬಂಡೆಯ ಮುಂದೆ ಆದ ಬೆರಗಿಗಿಂತ ದೊಡ್ಡ ಬೆರಗು ನನಗಾಗಿತ್ತು.

ತಾಳಿಕೋಟೆಯ ದಾರಿಯಲ್ಲಿ ಡೋಣಿ ಹೊಳೆ ಬಂತು. ಎತ್ತರದ ದಡಗಳ ನಡುವೆ ಮಣ್ಣುನೀರು. ಬಸ್ಸು ಸೇತುವೆ ದಾಟುವಾಗ ಒಳಗಿದ್ದವರು ಯಾರೂ ತಲೆ ಎತ್ತಲಿಲ್ಲ. ನಾಕಾ ಇಲ್ಲ, ತಪಾಸಣೆ ಇಲ್ಲ. ಆ ಕಡೆಯೂ ಅದೇ ಎರೆ, ಅದೇ ಜೋಳ, ಅದೇ ಮಾತು.

ಆಗ ಬಂಡಿಯಲ್ಲಿ ಕೂತಿದ್ದ ಮಕ್ಕಳಿಗೆ ಈಗ ಎಂಬತ್ತು ದಾಟಿದೆ. ಪ್ರತಿ ಸೆಪ್ಟೆಂಬರ್ 17ರಂದು ನಾವು ಧ್ವಜ ಹಾರಿಸುತ್ತೇವೆ. ಈ ಸಲ ಅದಾದ ಮೇಲೆ ನಿಮ್ಮ ಓಣಿಯ ಹಿರಿಯರ ಮುಂದೆ ಕೂತು ಕೇಳಿ: ನೀವು ಎಲ್ಲಿಗೆ ಹೋಗಿದ್ದಿರಿ, ಯಾರು ಬಾಗಿಲು ತೆಗೆದರು? ಹಿಂದೂ ಮನೆಯಲ್ಲೂ ಕೇಳಿ, ಮುಸ್ಲಿಂ ಮನೆಯಲ್ಲೂ ಕೇಳಿ. ಬಾಗಿಲು ತೆಗೆದವರ ಹೆಸರುಗಳನ್ನು ಬರೆದಿಡಿ.