ಮುಂಬಯಿಯ ಸಂತೆ

ಕಾಲೇಜಿನಲ್ಲಿ ಹಳಗನ್ನಡ ಪಾಠ ಹೇಳುವವನಿಗೂ ಟೆಲಿವಿಜನ್ ಯಂತ್ರಗಳ ಪ್ರದರ್ಶನಕ್ಕೂ ಏನು ನಂಟು ಎಂದು ಓದುಗರು ಕೇಳುವುದು ನ್ಯಾಯವೇ. ನಂಟು ನನ್ನ ಹಿರಿಯಣ್ಣನ ಮಗನ ಮೂಲಕ ಬಂದದ್ದು. ನಮ್ಮದು ಅಣ್ಣಿಗೇರಿ. ಪಂಪನ ಊರೆಂದು ಹೆಮ್ಮೆಪಡುತ್ತೇವೆ. ಆದರೆ ಪಂಪನಿಂದ ಹೊಟ್ಟೆ ಹೊರೆದುಕೊಂಡವನು ನಮ್ಮ ಮನೆಯಲ್ಲಿ ನಾನೊಬ್ಬನೇ. ಹುಡುಗನಾದರೂ ಬೇರೆ ದಾರಿ ಹಿಡಿಯಲೆಂದು ಅಣ್ಣ ಹುಬ್ಬಳ್ಳಿ ರಸ್ತೆಗೆ ಹತ್ತಿದ ಎರಡು ಎಕರೆ ಎರೆಹೊಲ ಮಾರಿ ಅವನಿಗೆ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದಿಸಿದ. ಬೆಂಗಳೂರಿನ ಒಂದು ಕಂಪನಿಯಿಂದ ನೇಮಕದ ಪತ್ರವೂ ಬಂತು. ಅಷ್ಟರಲ್ಲಿ, 2008ರ ಸೆಪ್ಟೆಂಬರಿನಲ್ಲಿ, ಅಮೆರಿಕದ ಲೇಮನ್ ಬ್ರದರ್ಸ್ ಎಂಬ ದೊಡ್ಡ ಪೇಢಿ ದಿವಾಳಿ ಎದ್ದಿತು. ಅದೆಲ್ಲಿ, ಅಣ್ಣಿಗೇರಿ ಎಲ್ಲಿ! ಆದರೂ "ಮುಂದಿನ ಸೂಚನೆಯವರೆಗೆ ಬರಬೇಡಿ" ಎಂಬ ಎರಡನೆಯ ಪತ್ರ ನಮ್ಮ ಓಣಿಯನ್ನು ಹುಡುಕಿಕೊಂಡು ಬಂದಿತು.

ಒಂದು ವರುಷ ಕಾದದ್ದಾಯಿತು. 2009ರ ಅಕ್ಟೋಬರಿನಲ್ಲಿ ಹುಡುಗ, "ಕಾಕಾ, ಮುಂಬಯಿದಾಗ ಬ್ರಾಡ್‌ಕಾಸ್ಟ್ ಇಂಡಿಯಾ ಅಂತ ಪ್ರದರ್ಶನ ಐತಿ, ಎಲ್ಲಾ ಕಂಪನಿಯವರು ಒಂದ ಕಡೆ ಸಿಗತಾರ" ಎಂದ. ಮಾತು ಬಾರದ ಹುಡುಗನೆಂದು ಅಣ್ಣ ನನ್ನನ್ನೂ ಜೊತೆಮಾಡಿದ. ಆ ತಿಂಗಳ ಮೊದಲಲ್ಲೇ ಉತ್ತರ ಕರ್ನಾಟಕಕ್ಕೆ ನೆರೆ ಬಂದು, ನಮ್ಮ ಉಳ್ಳಾಗಡ್ಡಿ ಹೊಲದಲ್ಲೇ ಕೊಳೆತಿತ್ತು. ಟಿಕೆಟ್ಟಿನ ದುಡ್ಡು ನನ್ನ ಸಂಬಳದ್ದು. ಹೇಳಿಕೊಳ್ಳುವುದು ಸಣ್ಣತನ, ಆದರೂ ಹೇಳಿಬಿಟ್ಟೆ.

ಒಳಗೆ ಕಾಲಿಟ್ಟರೆ ಹಗಲೋ ಇರುಳೋ ತಿಳಿಯದ ಬೆಳಕು, ಮೈ ನಡುಗಿಸುವ ತಂಪು. ಟೇಪೇ ಬೇಡದ ಹೊಸ ಕ್ಯಾಮರಾಗಳು. ನೂರಾರು ಗುಂಡಿಗಳ ಮೇಜುಗಳು. ಜನ ಮಾತ್ರ ವಿರಳ. ಬೆಲೆಚೀಟಿ ಎಲ್ಲಿಯೂ ಕಾಣಲಿಲ್ಲ. ಗಿರಾಕಿ ಬೆಲೆ ಕೇಳಿದರೆ ಮಾರುವವನು ಬಾಯಿಬಿಡದೆ ಕ್ಯಾಲ್ಕುಲೇಟರಿನಲ್ಲಿ ಅಂಕಿ ಒತ್ತಿ ಓರೆಯಾಗಿ ತೋರಿಸುತ್ತಿದ್ದ. ಗಿರಾಕಿ ಅದನ್ನು ಅಳಿಸಿ ತನ್ನ ಅಂಕಿ ಒತ್ತುತ್ತಿದ್ದ. ನಮ್ಮ ದನದ ಸಂತೆಯಲ್ಲಿ ದಲಾಲಿ ವಲ್ಲಿಯ ಕೆಳಗೆ ಬೆರಳು ಹಿಡಿಯುವುದಿಲ್ಲವೆ, ಅದೇ ಇದು! ಅದನ್ನು ಕಂಡ ಮೇಲೆ ನನ್ನ ಅರ್ಧ ಅಂಜಿಕೆ ಹೋಯಿತು.

ಒಂದು ಮಳಿಗೆಯಲ್ಲಿ ಐವತ್ತು ದಾಟಿದ ಗೃಹಸ್ಥರು ಕರೆದು ಕೂಡಿಸಿ, ಚಹಾ ಕೊಟ್ಟು, "ನಿಮ್ಮದು ಯಾವ ಚಾನೆಲ್?" ಎಂದು ಕೇಳಿದರು. ನಾನು ಕನ್ನಡ ಮೇಷ್ಟ್ರು ಎಂದೆ. ಅವರು ನಕ್ಕರೇ ಹೊರತು ಚಹಾ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಜಾಹೀರಾತು ಕುಗ್ಗಿದೆ, ಚಾನೆಲ್ಲಿನವರು ಹಳೆಯ ಕ್ಯಾಮರಾಗಳಲ್ಲೇ ದಿನ ದೂಡುತ್ತಿದ್ದಾರೆ ಎಂದರು. "ನಾವು ಮಾರಲು ಬಂದಿಲ್ಲ. ಬಾರದಿದ್ದರೆ ಅಂಗಡಿ ಮುಚ್ಚಿತೆಂದು ಸುದ್ದಿಯಾಗುತ್ತದೆ, ಅದಕ್ಕೆ ಬಂದಿದ್ದೇವೆ." 2010ಕ್ಕೆ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡೆಗಳಿದ್ದವು; ಆಗ ಎಲ್ಲ ಸರಿಹೋದೀತು ಎಂದರು. ಮುಂಗಾರಿ ಕೈಕೊಟ್ಟವರು ಹಿಂಗಾರಿಯ ಮಾತೆತ್ತುವ ದನಿ ನನಗೆ ಹೊಸದಲ್ಲ.

ಹುಡುಗ ತನ್ನ ಅರ್ಜಿ ಚಾಚಿದ. ಅವರು ಪೂರ್ತಿ ಓದಿ, ಒಂದು ಗೇಣೆತ್ತರದ ಕಟ್ಟಿನ ಮೇಲಿಟ್ಟು, "ಇದರಲ್ಲಿ ಹತ್ತು ವರುಷ ಅನುಭವ ಇದ್ದವರೂ ಇದ್ದಾರೆ" ಎಂದರು. ಅಷ್ಟರಲ್ಲಿ ಪಕ್ಕದ ಮಾನಿಟರಿನ ಚಿತ್ರ ನಡುಗತೊಡಗಿತು. ಹುಡುಗ ಅಪ್ಪಣೆ ಕೇಳಿ, ಹಿಂದೆ ಬಾಗಿ, ಕೇಬಲ್ಲಿನ ತುದಿಯೊಂದನ್ನು ಬಿಚ್ಚಿ ಮತ್ತೆ ಕೂಡಿಸಿದ. ಚಿತ್ರ ನಿಂತಿತು. ಅವರು ಆ ಕಟ್ಟಿನಿಂದ ಅರ್ಜಿ ಹೊರತೆಗೆದು, ಅವನ ಹೆಸರು, ನಂಬರು ತಮ್ಮ ಕಿಸೆಯ ಡೈರಿಯಲ್ಲಿ ಬರೆದುಕೊಂಡರು.

ಆ ಡೈರಿಯಿಂದ ಫೋನು ಬರಲಿಲ್ಲ. ಅವರನ್ನು ದೂರಲಾರೆ, ಮುಂದಿನ ವರುಷ ಅವರೇ ಆ ಕೆಲಸದಲ್ಲಿದ್ದರೋ ಇಲ್ಲವೋ. ಹುಡುಗ ಮುಂದೆ ಹುಬ್ಬಳ್ಳಿಯ ಕೇಬಲ್ಲಿನವರಲ್ಲಿ ಸೇರಿದ.

ಹಿಂದಿರುಗುವಾಗ, ಬಸ್ಸು ಆ ಎರಡು ಎಕರೆಯ ಹತ್ತಿರ ಬಂದಾಗ, ಹುಡುಗ ಆಚೆ ಕಿಟಕಿಯ ಕಡೆಗೆ ಮುಖ ತಿರುಗಿಸಿದ. ಅಣ್ಣ ಸ್ಟ್ಯಾಂಡಿನಲ್ಲಿ ನಿಂತಿದ್ದ.

"ಏನಾತೋ?"

"ದೊಡ್ಡ ಸಂತಿ, ಅಣ್ಣಾ. ಕೊಳ್ಳಾವರ ಇದ್ದಿಲ್ಲ."

"ಹಂಗಾರ, ಮಾರಲಾರ್ದ ಹೊಡಕೊಂಡು ಬಂದಿ ಅನ್ನು" ಎಂದು ಅಣ್ಣ ಮಗನ ಕೈಯಿಂದ ಚೀಲ ಇಸಕೊಂಡ.